ಹನಿ ಹೋಗಲಿ, ಹೊಳಪು ಉಳಿಯಲಿ

ಮನೆಗೆ ಸುಣ್ಣ ಬಣ್ಣ ಹೊಡೆಸುವುದೆಂದರೆ ಗೃಹಸ್ಥನ ಪಾಲಿಗೆ ಅರ್ಧ ಹಬ್ಬ, ಅರ್ಧ ಗ್ರಹಣ. ಗೋಡೆಗಳು ಬೆಳ್ಳಗಾಗುವುವು, ಕಿಟಕಿ ಬಾಗಿಲುಗಳು ಹೊಸ ಕಳೆ ತಾಳುವುವು ಎಂದು ಮನಸ್ಸು ಹಿಗ್ಗುವುದೇನೋ ನಿಜ. ಆದರೆ ಆ ನಾಲ್ಕಾರು ದಿನಗಳಲ್ಲಿ ಕನ್ನಡಕ ಇಟ್ಟ ಕಡೆ ಕನ್ನಡಕವಿರುವುದಿಲ್ಲ, ಕಾಫಿಪುಡಿಯ ಡಬ್ಬ ದೇವರ ಮನೆಯಲ್ಲಿರುತ್ತದೆ, ದೇವರ ಪೆಟ್ಟಿಗೆ ಮಕ್ಕಳ ಪುಸ್ತಕಗಳ ಮೇಲೆ ಕುಳಿತಿರುತ್ತದೆ. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದ ಹಿರಿಯರು ಬಣ್ಣ ಹೊಡೆಸಿ ನೋಡು ಎಂಬ ಮೂರನೆಯ ಮಾತನ್ನು ಹೇಳದೆ ಬಿಟ್ಟದ್ದು ಏಕೋ ತಿಳಿಯದು. ಬಹುಶಃ ಗಾದೆ ಹುಟ್ಟಿದ ದಿನವೇ ಅವರ ಮನೆಗೆ ಬಣ್ಣದವರು ಬಂದಿದ್ದು, ಮೂರನೆಯದನ್ನು ಹೇಳಲು ಪುರಸತ್ತು ಸಿಕ್ಕಿರಲಾರದು.

ಈ ಸಂಭ್ರಮದ ಪೂರ್ಣ ರುಚಿಯನ್ನು ಬಲ್ಲವರು ಹಳೆಯ ಬೆಂಗಳೂರಿನ ಬಡಾವಣೆಗಳವರು. ಚಾಮರಾಜಪೇಟೆ ರೂಪುಗೊಂಡದ್ದು 1892ರಲ್ಲಿ. 1898ರಲ್ಲಿ ಪ್ಲೇಗು ಮಾರಿ ಪೇಟೆಯ ಇಕ್ಕಟ್ಟಾದ ಓಣಿಗಳನ್ನು ಹೊಕ್ಕು ಜನರನ್ನು ಬಯಲಿಗೆ ಅಟ್ಟಿದ ಮೇಲೆ ಬಸವನಗುಡಿ, ಮಲ್ಲೇಶ್ವರಗಳು ಬೆಳೆದವು. ಗಾಳಿ ಬೆಳಕುಗಳಿಗೆ ಹೆದರದೆ ಬಾಳಬೇಕೆಂದು ಹಂಬಲಿಸಿದ ಜನ ಅಲ್ಲಿ ಮಂಗಳೂರು ಹೆಂಚಿನ ಮನೆಗಳನ್ನು ಕಟ್ಟಿಕೊಂಡರು. ಕಿಟಕಿಗಳ ಮೇಲೆ ಮರದ ಪಟ್ಟಿಗಳ ಚೂಪು ಮುಸುಕು, ಮುಂದೆ ಜಗುಲಿ, ಒಳಗೆ ಕೆಂಪು ಕಾವಿಯ ನುಣುಪು ನೆಲ, ನಡುಮನೆಯ ತೊಲೆಯಿಂದ ಇಳಿಬಿಟ್ಟ ಉಯ್ಯಾಲೆ ಮಣೆ, ಮೂಲೆಯಲ್ಲಿ ಬೆತ್ತದ ಆರಾಮ ಕುರ್ಚಿ, ಕಿಟಕಿಯ ಪಕ್ಕದಲ್ಲಿ ಬೀಟೆಯ ಬರೆಯುವ ಮೇಜು — ಇಷ್ಟಾದರೆ ಮನೆ ಮನೆಯಾಯಿತು. ಇಂದು ಆ ಮನೆಗಳಲ್ಲಿ ಎಷ್ಟೋ ಉರುಳಿ ಅಂತಸ್ತುಗಳ ಕಟ್ಟಡಗಳೆದ್ದಿವೆ. ಆದರೆ ಉಯ್ಯಾಲೆ ಹೋದರೂ, ಜಗುಲಿ ಹೋದರೂ, ಬೀಟೆಯ ಮೇಜು ಮಾತ್ರ ಅನೇಕ ಕಡೆ ಲಿಫ್ಟಿನಲ್ಲಿ ಓರೆಯಾಗಿ ನಿಂತು ನಾಲ್ಕನೆಯ ಅಂತಸ್ತಿಗೆ ಏರಿ, ಅಲ್ಲಿ ಗಣಕಯಂತ್ರವನ್ನು ಹೊತ್ತುಕೊಂಡು ಮೊಮ್ಮಕ್ಕಳ ಸೇವೆಯಲ್ಲಿದೆ.

ಬಣ್ಣ ಹೊಡೆಯುವ ದಿನ ಇಂತಹ ಮೇಜನ್ನು ಕೋಣೆಯ ನಡುವಿಗೆಳೆದು, ಅದರ ಮೇಲೆ ಹಳೆಯ ಜಮಖಾನೆ ಹೊದಿಸಿ, ಅದಕ್ಕೂ ಮೇಲೆ ವೃತ್ತಪತ್ರಿಕೆ ಹಾಸುವುದು ವಾಡಿಕೆ. ಅಷ್ಟು ಮಾಡಿದರೂ ಹನಿ ಬೀಳುತ್ತದೆ. ಅದು ಬೀಳುವ ರೀತಿಯಲ್ಲಿ ಒಂದು ವಿಶೇಷವುಂಟು. ಮುರುಕಲು ಸ್ಟೂಲಿನ ಮೇಲಾಗಲಿ, ಪ್ಲಾಸ್ಟಿಕ್ ಕುರ್ಚಿಯ ಮೇಲಾಗಲಿ ಅದು ಬೀಳುವುದಿಲ್ಲ. ಜಮಖಾನೆ ಒಂದಂಗುಲ ಸರಿದ ಜಾಗವನ್ನು ಹುಡುಕಿಕೊಂಡು ಬಂದು ಮನೆಯಲ್ಲಿ ಯಾವುದು ಅತ್ಯಂತ ಪ್ರಿಯವೋ ಅದರ ಎದೆಯ ಮೇಲೆಯೇ ಬೀಳುತ್ತದೆ. ಅದನ್ನು ಕಂಡವರು ಬಿದ್ದ ಕ್ಷಣದಲ್ಲಿ ಕಾಣುವುದೂ ಇಲ್ಲ. ಬಣ್ಣದವರು ಹೋಗಿ, ಏಣಿ ಹೋಗಿ, ಮೂರನೆಯ ದಿನ ಹೊದಿಕೆ ತೆಗೆದಾಗ ಅದು ಗಟ್ಟಿಯಾಗಿ, ಸಿಡುಬಿನ ಕಲೆಯಂತೆ ಕುಳಿತಿರುತ್ತದೆ.

ಆಗ ಮನೆಯಲ್ಲಿ ಸಭೆ ಸೇರುತ್ತದೆ. ಯಜಮಾನರು ಚಾಕು ತರುತ್ತಾರೆ. ಮಗ ಉಪ್ಪು ಕಾಗದದಿಂದ ಉಜ್ಜಿದರೆ ಒಂದು ನಿಮಿಷದ ಕೆಲಸವೆನ್ನುತ್ತಾನೆ. ಮಗಳು ಉಗುರಿನ ಬಣ್ಣ ತೆಗೆಯುವ ದ್ರವದ ಸೀಸೆಯೊಡನೆ ಹಾಜರಾಗುತ್ತಾಳೆ. ಪಕ್ಕದ ಮನೆಯವರು ಬೇಲಿಯಾಚೆಯಿಂದಲೇ ಕುದಿಯುವ ನೀರೆಂದು ಕೂಗುತ್ತಾರೆ. ಅಂಗಡಿಯವನು ಥಿನ್ನರ್ ಕೊಡುತ್ತಾನೆ. ಎಲ್ಲರ ಮಾತೂ ಸತ್ಯವೇ. ಈ ಉಪಾಯಗಳಲ್ಲಿ ಯಾವುದನ್ನು ಮಾಡಿದರೂ ಬಣ್ಣದ ಹನಿ ಹೋಗುತ್ತದೆ. ಅದರೊಡನೆ ಅರುವತ್ತು ವರ್ಷದ ಹೊಳಪೂ ಹೋಗುತ್ತದೆ. ಸಾಸಿವೆಕಾಳಷ್ಟಿದ್ದ ಕಲೆಯ ಜಾಗದಲ್ಲಿ ಅಂಗೈಯಷ್ಟು ಬಿಳಿಯ ಗಾಯ ಉಳಿಯುತ್ತದೆ. ನೊಣ ಹೊಡೆಯಲು ಹೋಗಿ ಮೂಗು ಕೊಯ್ದ ಕಥೆ ಮಕ್ಕಳಿಗೆ ಹೇಳುವ ಕಥೆಯೆಂದು ದೊಡ್ಡವರು ಭಾವಿಸಿರುವುದೇ ಈ ಅನಾಹುತಗಳ ಮೂಲ.

ಚಿಕಿತ್ಸೆಗೆ ಮುನ್ನ ರೋಗಿಯ ಪ್ರಕೃತಿಯನ್ನು ತಿಳಿಯಬೇಕು. ಮೇಜಿನ ಮೇಲೆ ಹೊಳೆಯುವುದು ಮರವಲ್ಲ. ಮರದ ಮೇಲೆ ಕುಳಿತ ತೆಳುವಾದ ಒಂದು ಪದರ. ಹಳೆಯ ಮನೆಗಳ ಬೀಟೆ, ತೇಗದ ಸಾಮಾನುಗಳಲ್ಲಿ ಈ ಪದರ ಬಹುಪಾಲು ಅರಗಿನದು. ಮುತ್ತುಗ, ಬೋರೆ, ಸಾಗಡೆ ಮೊದಲಾದ ಮರಗಳ ಎಳೆಯ ರೆಂಬೆಗಳ ಮೇಲೆ ಅತಿ ಸಣ್ಣ ಕೀಟಗಳು ಗುಂಪುಗುಂಪಾಗಿ ನೆಲೆಸಿ, ರಸ ಹೀರಿ, ತಮ್ಮ ರಕ್ಷಣೆಗಾಗಿ ಸ್ರವಿಸುವ ಅಂಟೇ ಅರಗು. ಒಂದೊಂದು ರೆಂಬೆಯ ಮೇಲೂ ಲಕ್ಷಾಂತರ ಸಂಖ್ಯೆಯಲ್ಲಿರುವುದರಿಂದ ಅದಕ್ಕೆ ಲಾಕ್ಷೆಯೆಂದು ಹೆಸರು ಬಂದಿತೆನ್ನುವವರೂ ಉಂಟು. ದುರ್ಯೋಧನನು ಪಾಂಡವರಿಗಾಗಿ ವಾರಣಾವತದಲ್ಲಿ ಕಟ್ಟಿಸಿದ ಮನೆ ಇದೇ ಅರಗಿನದು. ಅಷ್ಟು ಸುಂದರವಾಗಿ ಹೊಳೆಯದಿದ್ದರೆ ಅದು ಅರಮನೆಯೆಂದು ಯಾರೂ ನಂಬುತ್ತಿರಲಿಲ್ಲ. ಅಷ್ಟು ಬೇಗ ಉರಿಯದಿದ್ದರೆ ಅದರಿಂದ ದುರ್ಯೋಧನನಿಗೆ ಪ್ರಯೋಜನವಿರಲಿಲ್ಲ. ಅರಗಿನ ಗುಣ ದೋಷಗಳೆರಡನ್ನೂ ಆ ಒಂದು ಪ್ರಸಂಗವೇ ಹೇಳುತ್ತದೆ.

ಈ ಕೀಟದ ಉಪಕಾರ ಮನೆಮನೆಯಲ್ಲೂ ಇತ್ತು. ಅಂಚೆಯ ಲಕೋಟೆಯ ಮೇಲಿನ ಮುದ್ರೆ ಅರಗಿನದು. ಬಸವನಗುಡಿಯ ಹಜಾರಗಳಲ್ಲಿ ಸಂಜೆ ಹಾಡುತ್ತಿದ್ದ ಹಳೆಯ ಗ್ರಾಮಫೋನ್ ತಟ್ಟೆಗಳಲ್ಲಿಯೂ ಅರಗಿತ್ತು. ಚನ್ನಪಟ್ಟಣದ ಗೊಂಬೆಗಳ ಬಣ್ಣ ಇಂದಿಗೂ ಅರಗೇ. ಆಲೆಮರದ ತುಂಡನ್ನು ಚರಕಿಗೆ ಸಿಕ್ಕಿಸಿ ತಿರುಗಿಸುತ್ತಾ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿದರೆ, ಉಜ್ಜಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಆಮೇಲೆ ಗರಿಯಿಂದ ತೀಡಿದಾಗ ಕನ್ನಡಿಯಂತೆ ಹೊಳೆಯುತ್ತದೆ. ರಾಂಚಿಯ ಸಮೀಪದ ನಾಮಕುಮಿನಲ್ಲಿ ಅರಗಿನ ಸಂಶೋಧನೆಗೆಂದೇ 1924ರಲ್ಲಿ ಒಂದು ಸಂಸ್ಥೆ ಏರ್ಪಟ್ಟಿತು. ಮೈಸೂರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1937ರಲ್ಲಿ, ಅರಗು ಮತ್ತು ಬಣ್ಣದ ಕಾರ್ಖಾನೆಯೊಂದು ಸ್ಥಾಪನೆಯಾಯಿತು. 1962ರ ಮಹಾಚುನಾವಣೆಯಿಂದೀಚೆಗೆ ಮತದಾರನ ಬೆರಳಿಗೆ ಹಚ್ಚುವ ಅಳಿಸಲಾಗದ ಶಾಯಿಯನ್ನು ತಯಾರಿಸಿ ದೇಶಕ್ಕೆಲ್ಲ ಹೆಸರಾದದ್ದು ಅದೇ ಕಾರ್ಖಾನೆ. ಮರದ ಮೈಯನ್ನು ಕಲೆಗಳಿಂದ ಕಾಯುವ ಅರಗಿನ ಹೆಸರಿನಲ್ಲಿ ಹುಟ್ಟಿದ ಕಾರ್ಖಾನೆಗೆ, ಏನು ಮಾಡಿದರೂ ಹೋಗದ ಕಲೆಯಿಂದ ಕೀರ್ತಿ ಬಂದದ್ದು ವಿಧಿಯ ಒಂದು ವಿನೋದ.

ಅರಗಿನ ಚಕ್ಕೆಗಳನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ, ಹತ್ತಿಯ ಉಂಡೆಯನ್ನು ಹಳೆಯ ಮೃದುವಾದ ಬಟ್ಟೆಯಲ್ಲಿ ಸುತ್ತಿ, ಅದಕ್ಕೆ ಆ ದ್ರವವನ್ನು ಕುಡಿಸಿ, ಒಂದು ಹನಿ ಎಣ್ಣೆಯ ಸಹಾಯದಿಂದ ಮರದ ಮೇಲೆ ಸುತ್ತುಸುತ್ತಾಗಿ ತೀಡುವುದಕ್ಕೆ ಫ್ರೆಂಚ್ ಪಾಲಿಷ್ ಎಂದು ಹೆಸರು. ಒಂದು ಪದರ ಕಣ್ಣಿಗೆ ಕಾಣುವುದಿಲ್ಲ. ಇಂತಹ ಹತ್ತಾರು ಪದರಗಳು ಒಂದರ ಮೇಲೊಂದು ಕೂಡಿದಾಗ ಮರದ ನರನಾಡಿಗಳು ತಿಳಿನೀರಿನ ತಳದ ಮರಳಿನಂತೆ ಮೇಲೆದ್ದು ಕಾಣುತ್ತವೆ. ಕುಶಲಿಯಾದವನಿಗೂ ಒಂದು ಮೇಜಿಗೆ ದಿನಗಳು ಹಿಡಿಯುತ್ತವೆ. ಇಷ್ಟನ್ನು ತಿಳಿದವರು ಸ್ಪಿರಿಟ್ಟಿನ ಸೀಸೆಯನ್ನು ಆ ಮೇಜಿನ ಹತ್ತಿರಕ್ಕೂ ತರುವುದಿಲ್ಲ. ಅರಗು ಸ್ಪಿರಿಟ್ಟಿನಲ್ಲಿ ಕರಗಿಯೇ ಮರಕ್ಕೆ ಬಂದದ್ದು. ಸ್ಪಿರಿಟ್ ಕಂಡರೆ ಮತ್ತೆ ಕರಗಿ ಹೊರಟುಹೋಗುತ್ತದೆ. ಬೀಟೆಯ ಮರದಲ್ಲಂತೂ ಒಳಗಿನ ಕೆಂಪು ಬಣ್ಣವೇ ಸ್ಪಿರಿಟ್ಟಿಗೆ ಬಿಟ್ಟುಕೊಂಡು ಬಟ್ಟೆಗೆ ಬರುತ್ತದೆ.

ಹೀಗಾಗಿ ಇಡೀ ವಿದ್ಯೆಯ ಸೂತ್ರ ಒಂದೇ: ಹನಿಯನ್ನು ಸಡಿಲಿಸಬೇಕು, ಹೊಳಪನ್ನು ಮುಟ್ಟಬಾರದು. ಬಣ್ಣವನ್ನು ಕರಗಿಸುವ ವಸ್ತುಗಳು ಹಲವಿವೆ. ಅವುಗಳಲ್ಲಿ ಕೆಳಗಿನ ಪದರವನ್ನು ಕರಗಿಸದಿರುವುದು ಯಾವುದೆಂದು ಆರಿಸುವುದರಲ್ಲಿಯೇ ಜಾಣತನವಿದೆ. ಈ ಆಯ್ಕೆಗೆ ಮೊದಲು ಬಿದ್ದದ್ದೇನು, ಬಿದ್ದದ್ದು ಯಾವುದರ ಮೇಲೆ ಎಂಬ ಎರಡು ಪ್ರಶ್ನೆಗಳಿಗೆ ಉತ್ತರ ಸಿಗಬೇಕು.

ಎರಡನೆಯದನ್ನು ಮೊದಲು ನೋಡುವುದು ಲೇಸು. ಮೇಜಿನ ಅಡಿಯಲ್ಲೋ ಕಾಲಿನ ಹಿಂಬದಿಯಲ್ಲೋ, ಯಾರ ಕಣ್ಣಿಗೂ ಬೀಳದ ಕಡೆ, ಕಡ್ಡಿಗೆ ಸುತ್ತಿದ ಹತ್ತಿಯಿಂದ ಒಂದು ಚುಕ್ಕೆ ಸ್ಪಿರಿಟ್ ಮುಟ್ಟಿಸಬೇಕು. ಕ್ಷಣದಲ್ಲಿ ಅಂಟಂಟಾದರೆ ಅದು ಅರಗು. ಸ್ಪಿರಿಟ್ಟಿಗೆ ಜಗ್ಗದೆ ಥಿನ್ನರಿಗೆ ಮೆತ್ತಗಾದರೆ ಅದು ಕಾರ್ಖಾನೆಯ ಲ್ಯಾಕರ್. ಎರಡಕ್ಕೂ ಅಲುಗದಿದ್ದರೆ ಈಚಿನ ಪಾಲಿಯುರೆಥೇನಿನಂತಹ ಗಟ್ಟಿ ಲೇಪವೆಂದು ತಿಳಿಯಬಹುದು. ಮುಂದೆ ಮಾಡುವ ಪ್ರತಿಯೊಂದು ಉಪಚಾರವನ್ನೂ ಇದೇ ಮರೆಯ ಜಾಗದಲ್ಲಿ ಮೊದಲು ಮಾಡಿ ನೋಡುವುದು ಕ್ಷೇಮ. ಹೆಣ್ಣು ನೋಡಲು ಹತ್ತು ಸಲ ಹೋಗಿ ಬರುವವರು ಮೇಜಿನ ಅಡಿಯನ್ನು ಒಂದು ಸಲ ನೋಡಲು ಬೇಸರಪಡಬಾರದು.

ಇನ್ನು ಬಿದ್ದದ್ದರ ವಿಚಾರ. ಹಳೆಯ ಸುಣ್ಣದ ಹನಿ ನೋಡಲು ಸಾಧು, ಗುಣದಲ್ಲಿ ಕ್ಷಾರ. ನೀರಿನಲ್ಲಿ ಕಲಸಿದ ಸುಣ್ಣ ಗಾಳಿಯ ಇಂಗಾಲಾಮ್ಲವನ್ನು ಹೀರಿ ಕಲ್ಲಾಗುತ್ತದೆ; ಅಷ್ಟರೊಳಗೆ ಅದರ ಖಾರ ಅರಗನ್ನು ತಿನ್ನುವುದಲ್ಲದೆ ಮರದ ಒಗರಿನ ಅಂಶದೊಡನೆ ಕೂಡಿ ಕಪ್ಪು ಕಲೆಯನ್ನೂ ಮಾಡಬಲ್ಲದು. ಆದಕಾರಣ ಬಿದ್ದೊಡನೆ ಒದ್ದೆ ಬಟ್ಟೆಯಿಂದ ಒತ್ತಿ ತೆಗೆದು, ಕೂಡಲೇ ಒಣಬಟ್ಟೆಯಿಂದ ಒರೆಸಬೇಕು. ಒಣಗಿದ್ದರೆ ಮೊದಲು ಮೃದುವಾದ ಕುಂಚದಿಂದ ಪುಡಿಯನ್ನು ಉದುರಿಸಿ, ಬಹಳ ನೀರು ಬೆರೆಸಿದ ವಿನಿಗರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಲಘುವಾಗಿ ಆಡಿಸಿ, ಮತ್ತೆ ತೇವದ ಬಟ್ಟೆ, ಮತ್ತೆ ಒಣಬಟ್ಟೆ. ನೀರನ್ನು ನಿಲ್ಲಗೊಟ್ಟರೆ ಅರಗಿನ ಮೇಲೆ ಮಂಜು ಕವಿದಂತೆ ಬಿಳಿಯ ಮಬ್ಬು ಮೂಡುತ್ತದೆ. ಕಾಫಿ ಲೋಟದ ತಳ ಮೇಜಿನ ಮೇಲೆ ಬರೆಯುವ ಬಿಳಿಯ ಉಂಗುರವೂ ಇದೇ.

ಇಂದಿನ ಗೋಡೆಗಳಿಗೆ ಬಳಿಯುವ ಎಮಲ್ಷನ್ ಬಣ್ಣ ಹಸಿಯಾಗಿರುವಾಗ ನೀರಿಗೆ ಬಗ್ಗುತ್ತದೆ. ಒದ್ದೆ ಬಟ್ಟೆಗೆ ಒಂದಿಷ್ಟು ಸೌಮ್ಯವಾದ ಸಾಬೂನು ಸಾಕು. ಉಜ್ಜದೆ, ಹೊರಗಿನಿಂದ ಒಳಕ್ಕೆ ಒತ್ತಿ ಎತ್ತಬೇಕು. ಉಜ್ಜಿದರೆ ಒಂದು ಹನಿ ಒಂದು ಭೂಪಟವಾಗುತ್ತದೆ. ಒಣಗಿದ ಮೇಲೆ ಅದು ರಬ್ಬರಿನ ಸಿಪ್ಪೆಯಂತಾಗುತ್ತದೆ. ಬೆಚ್ಚನೆಯ ನೀರಿನಲ್ಲಿ ಹಿಂಡಿದ ಬಟ್ಟೆಯನ್ನು ಹನಿಯ ಮೇಲೆ ಮಾತ್ರ ನಾಲ್ಕೈದು ನಿಮಿಷ ಇಟ್ಟು, ಅವಧಿ ಮೀರಿದ ಬ್ಯಾಂಕಿನ ಪ್ಲಾಸ್ಟಿಕ್ ಕಾರ್ಡಿನ ಅಂಚಿನಿಂದ ಮರದ ಎಳೆಯ ಜಾಡಿನಲ್ಲಿ ಮೆಲ್ಲನೆ ತಳ್ಳಿದರೆ ಸಿಪ್ಪೆ ಏಳುತ್ತದೆ. ಹಣ ತೆಗೆಯಲಾರದ ಕಾರ್ಡು ಬಣ್ಣವನ್ನಾದರೂ ತೆಗೆಯುವುದು ಸಮಾಧಾನದ ಸಂಗತಿ. ಸ್ಪಿರಿಟ್ಟಿನಿಂದ ಈ ಬಣ್ಣ ಬೇಗ ಕರಗುವುದೆಂದು ಹೇಳುವವರಿದ್ದಾರೆ. ನಿಜ; ಆದರೆ ಆ ಮಾತು ಗಟ್ಟಿ ಲೇಪದ ಹೊಸ ಸಾಮಾನಿಗೆ ಸಲ್ಲಬಹುದೇ ಹೊರತು ಅಜ್ಜನ ಮೇಜಿಗೆ ಸಲ್ಲದು.

ಕಿಟಕಿ ಬಾಗಿಲುಗಳ ಎಣ್ಣೆಬಣ್ಣ, ಎನಾಮಲ್ ಬಿದ್ದಲ್ಲಿ ನೀರು ನಿಷ್ಪ್ರಯೋಜಕ. ಹಸಿಯಿದ್ದರೆ ಟರ್ಪೆಂಟೈನಿನಲ್ಲಿ ತೇವ ಮಾಡಿದ ಬಟ್ಟೆಯಿಂದ ತೆಗೆಯಬೇಕು. ಟರ್ಪೆಂಟೈನನ್ನು ಬಟ್ಟೆಗೆ ಹಾಕಬೇಕು, ಮೇಜಿಗೆ ಸುರಿಯಬಾರದು. ಗಟ್ಟಿಯಾದ ಅರಗನ್ನು ಅದು ಕರಗಿಸುವುದಿಲ್ಲ; ಮೇಲಿನ ಮೇಣವನ್ನು ಮಾತ್ರ ಒಯ್ಯುತ್ತದೆ. ಕೊನೆಯಲ್ಲಿ ಜೇನುಮೇಣವನ್ನು ತೆಳುವಾಗಿ ಹಚ್ಚಿ ತೀಡಿದರೆ ಆ ಸಾಲವೂ ತೀರುತ್ತದೆ. ಥಿನ್ನರ್ ಮಾತ್ರ ಬೇಡ. ಅದಕ್ಕೆ ಬಣ್ಣವೆಂದೂ ಹೊಳಪೆಂದೂ ಭೇದವಿಲ್ಲ. ಎಣ್ಣೆಬಣ್ಣದ ಹನಿ ಒಣಗಿದ್ದರೆ ಏನು ಮಾಡಬೇಕೆಂಬುದನ್ನು ಬೇರೆಯಾಗಿ ಹೇಳುವುದಕ್ಕಿಂತ ಚಾಮರಾಜಪೇಟೆಯ ಒಂದು ಮನೆಯಲ್ಲಿ 1960ರ ದಶಕದಲ್ಲಿ ನಡೆದುದೆಂದು ಆ ಬೀದಿಯ ಹಿರಿಯರು ಹೇಳುತ್ತಿದ್ದ ಸಂಗತಿಯನ್ನೇ ಹೇಳುವುದು ಉಚಿತ.

ಆ ಮನೆಯ ಯಜಮಾನರು ಸರ್ಕಾರಿ ಕಚೇರಿಯೊಂದರಿಂದ ನಿವೃತ್ತರಾದವರು. ಲೆಕ್ಕದಲ್ಲಿ ಕಾಸು ತಪ್ಪಿದರೆ ರಾತ್ರಿ ನಿದ್ರೆ ಮಾಡದವರು. ತಂದೆಯಿಂದ ಬಂದ ಬೀಟೆಯ ಮೇಜು ಅವರ ಪ್ರಾಣ. ಅದರ ಮೇಲೆ ಮಕ್ಕಳು ಕೈಯೂರುವಂತಿರಲಿಲ್ಲ. ದೀಪಾವಳಿಯ ಮುಂಚೆ ಕಿಟಕಿಗಳಿಗೆ ಹಸಿರು ಬಣ್ಣ ಹೊಡೆಯಲು ಒಬ್ಬ ಮೇಸ್ತ್ರಿಯೂ ಅವನೊಡನೆ ಹದಿನಾರು ವರ್ಷ ದಾಟದ ಒಬ್ಬ ಹುಡುಗನೂ ಬಂದರು. ಬುಧವಾರ ಸಂಜೆ ಹುಡುಗ ಏಣಿಯಿಂದಿಳಿಯುವಾಗ ಕುಂಚ ಒಲೆದು ಮೂರು ಹನಿಗಳು ಮೇಜಿನ ಅಂಚಿಗೆ ಬಿದ್ದವು. ಅವನು ಅಂಗಿಯ ತುದಿಯಿಂದ ಒರೆಸಲು ಹೋಗಿ, ಹೆದರಿ, ಹೊದಿಕೆಯನ್ನು ಎಳೆದು ಮುಚ್ಚಿಬಿಟ್ಟನು. ಗುರುವಾರ ಮಧ್ಯಾಹ್ನ ಯಜಮಾನರ ಕಣ್ಣಿಗೆ ಅದು ಬಿದ್ದಿತು. ಅವರು ಕೂಗಾಡಲಿಲ್ಲ. ಶನಿವಾರದ ಬಟವಾಡೆಯಲ್ಲಿ ಹುಡುಗನ ಒಂದು ವಾರದ ಕೂಲಿಯನ್ನು ಹಿಡಿಯುವುದಾಗಿ ಮೇಸ್ತ್ರಿಗೆ ತಣ್ಣಗೆ ಹೇಳಿದರು. ಒಂದು ವಾರದ ಕೂಲಿ ಹಿಡಿದರೆ ಅವನನ್ನು ಮುಂದಿನ ಕೆಲಸಕ್ಕೆ ಕರೆಯುವುದಿಲ್ಲವೆಂದು ಮೇಸ್ತ್ರಿ ಹುಡುಗನಿಗೆ ಹೇಳಿದನು. ಹುಡುಗ ಏನೂ ಹೇಳಲಿಲ್ಲ. ಹಿತ್ತಲಿನ ಬಾವಿಕಟ್ಟೆಯ ಬಳಿ ಕುಂಚ ತೊಳೆಯುತ್ತಾ ಬಹಳ ಹೊತ್ತು ಕುಳಿತಿದ್ದನು.

ಆ ಮನೆಯಲ್ಲಿ ಯಜಮಾನರ ಅಕ್ಕ ಒಬ್ಬರಿದ್ದರು. ಚಿಕ್ಕ ವಯಸ್ಸಿನಲ್ಲಿಯೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವರು. ಆಗಿನ ಕಾಲದ ಎಷ್ಟೋ ಮನೆಗಳಲ್ಲಿ ಇಂತಹ ಒಬ್ಬರಿರುತ್ತಿದ್ದರು. ಮನೆಯ ಯಾವ ವಸ್ತುವೂ ಅವರದಲ್ಲ, ಪ್ರತಿಯೊಂದು ವಸ್ತುವನ್ನೂ ಒರೆಸಿ ಇಡುವ ಕೈ ಮಾತ್ರ ಅವರದು. ಆ ಮೇಜನ್ನು ಮೂವತ್ತು ವರ್ಷ ವಾರಕ್ಕೊಮ್ಮೆ ಒರೆಸಿದ್ದ ಆಕೆಗೆ ಅದರ ಮೈ ಯಜಮಾನರಿಗಿಂತ ಚೆನ್ನಾಗಿ ತಿಳಿದಿತ್ತು. ಗುರುವಾರ ಸಂಜೆ ಆಕೆ ಹಿತ್ತಲಿಗೆ ಹೋಗಿ ಹುಡುಗನ ಡಬ್ಬಿಯಿಂದ ಒಂದು ಸೌಟು ಅಗಸೆ ಎಣ್ಣೆಯನ್ನು ಕೇಳಿ ತಂದರು. ಬಣ್ಣವನ್ನು ಹದಕ್ಕೆ ಕಲಸಲು ಅವರು ತರುತ್ತಿದ್ದ ಎಣ್ಣೆಯೇ ಅದು. ರಾತ್ರಿ ಎಲ್ಲರೂ ಮಲಗಿದ ಮೇಲೆ ದೇವರ ಮನೆಯ ಹೂಬತ್ತಿಯ ಹತ್ತಿಯನ್ನು ಅದರಲ್ಲಿ ನೆನಸಿ, ಒಂದೊಂದು ಹನಿಯ ಮೇಲೆ ಒಂದೊಂದಾಗಿ ಇಟ್ಟು, ಎಣ್ಣೆ ಆರದಂತೆ ಮೇಲೆ ಲೋಟಗಳನ್ನು ಮಗುಚಿದರು.

ಬೆಳಗಿನ ಜಾವಕ್ಕೆ ಎದ್ದು ನೋಡಿದಾಗ ಹನಿಗಳ ಅಂಚು ಮೆತ್ತಗಾಗಿತ್ತು. ಆಕೆ ಒಂದು ಹಳೆಯ ಅಂಚೆ ಕಾರ್ಡನ್ನು ಎರಡಾಗಿ ಮಡಿಸಿ, ಮಡಿಕೆಯ ಅಂಚಿನಿಂದ ನಿಧಾನವಾಗಿ ತಳ್ಳಿದರು. ಎರಡು ಹನಿಗಳು ಎದ್ದುಬಂದವು. ಮೂರನೆಯದು ಅಂಚಿನ ಕೆತ್ತನೆಯ ಸಂದಿನಲ್ಲಿ ಕುಳಿತಿತ್ತು, ಬರಲಿಲ್ಲ. ಒತ್ತಾಯ ಮಾಡದೆ ಎಣ್ಣೆಯನ್ನು ಒರೆಸಿ, ಆ ದಿನವೆಲ್ಲ ಮೇಜಿನ ಮೇಲೆ ಹೊದಿಕೆ ಬಿಟ್ಟರು. ಶುಕ್ರವಾರ ರಾತ್ರಿ ಮತ್ತೆ ಎಣ್ಣೆಯ ಬತ್ತಿ, ಮತ್ತೆ ಲೋಟ. ಮರುದಿನ ನಸುಕಿನಲ್ಲಿ ತುದಿ ದುಂಡಾಗಿ ತೀಡಿದ ಬಿದಿರಿನ ಕಡ್ಡಿಯಿಂದ ಸಂದಿನ ಹಸಿರನ್ನೆಲ್ಲ ತೆಗೆದು, ಮೆತ್ತನೆಯ ಹಳೆಯ ಸೀರೆಯ ತುಂಡಿನಿಂದ ಒರೆಸಿದರು. ಆಕೆ ಯಾವ ಶಾಲೆಯಲ್ಲಿಯೂ ರಸಾಯನಶಾಸ್ತ್ರವನ್ನು ಓದಿದವರಲ್ಲ. ಆದರೆ ಎಣ್ಣೆಯಿಂದ ಹುಟ್ಟಿದ್ದು ಎಣ್ಣೆಗೇ ಮಣಿಯಬೇಕು, ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕು, ಎಂಬಷ್ಟು ಅಡಿಗೆಮನೆಯ ಶಾಸ್ತ್ರ ಅವರಿಗೆ ಗೊತ್ತಿತ್ತು. ಇಂದಿನ ತಜ್ಞರು ಒಣಗಿದ ಎಣ್ಣೆಬಣ್ಣಕ್ಕೆ ಹೇಳುವ ಉಪಾಯವೂ ಇದಕ್ಕಿಂತ ಬಹಳ ಬೇರೆಯಲ್ಲ.

ಶನಿವಾರ ಸಂಜೆ ಯಜಮಾನರು ಮೇಸ್ತ್ರಿಯನ್ನೂ ಹುಡುಗನನ್ನೂ ಮೇಜಿನ ಬಳಿಗೆ ಕರೆದು ಹೊದಿಕೆ ತೆಗೆದರು. ಕನ್ನಡಕವನ್ನು ಒರೆಸಿಕೊಂಡು ನೋಡಿದರು, ಬೆರಳಾಡಿಸಿದರು, ಕಿಟಕಿಯ ಬೆಳಕಿಗೆ ಬಗ್ಗಿ ನೋಡಿದರು. ಮೇಜು ಎಂದಿನಂತೆ ಹೊಳೆಯುತ್ತಿತ್ತು. ಆದರೆ ಕೋಣೆಯಲ್ಲಿ ಅಗಸೆ ಎಣ್ಣೆಯ ವಾಸನೆ ಇನ್ನೂ ಇತ್ತು. ಕಾಫಿ ತಂದಿಟ್ಟ ಅಕ್ಕನ ಹೆಬ್ಬೆರಳಿನ ಉಗುರಿನ ಸಂದಿನಲ್ಲಿ ಹಸಿರು ಗೆರೆಯೊಂದಿತ್ತು. ಯಜಮಾನರು ಅದನ್ನು ನೋಡಿದರು. ಅವರ ಬಾಯಿಂದ ಒಂದು ಮಾತೂ ಬರಲಿಲ್ಲ. ಮೇಜಿನ ಸೆಳೆಖಾನೆಯನ್ನು ಎಳೆದು, ಹಣವನ್ನು ಎರಡು ಸಲ ಎಣಿಸಿ, ಮೇಸ್ತ್ರಿಗೂ ಹುಡುಗನಿಗೂ ಪೂರ್ತಿ ಕೂಲಿಯನ್ನು ಕೊಟ್ಟು, ಕಿಟಕಿಯ ಬಣ್ಣ ಚೆನ್ನಾಗಿ ಬಂದಿದೆಯೆಂದರು. ಅಕ್ಕ ಲೋಟಗಳನ್ನು ತೆಗೆದುಕೊಂಡು ಒಳಗೆ ಹೋದರು. ಆ ವಿಷಯವನ್ನು ಅಣ್ಣತಂಗಿಯರಲ್ಲಿ ಆಡುವ ಪದ್ಧತಿಯಾಗಲಿ ಅಕ್ಕತಮ್ಮಂದಿರಲ್ಲಿ ಆಡುವ ಪದ್ಧತಿಯಾಗಲಿ ಆಗಿನ ಮನೆಗಳಲ್ಲಿರಲಿಲ್ಲ.

ಈ ಉಪಾಯವನ್ನು ಅನುಸರಿಸುವವರು ಎರಡು ಎಚ್ಚರಿಕೆಗಳನ್ನು ಮರೆಯಬಾರದು. ಅಗಸೆ ಎಣ್ಣೆ ಗಾಳಿಯೊಡನೆ ಕೂಡಿ ಒಣಗುವಾಗ ಬಿಸಿಯನ್ನು ಹೊರಡಿಸುತ್ತದೆ. ಎಣ್ಣೆಯಾದ ಬಟ್ಟೆಗಳನ್ನು ಉಂಡೆಗಟ್ಟಿ ಮೂಲೆಗೆ ಎಸೆದರೆ ಯಾರೂ ಕಡ್ಡಿ ಗೀರದೆ ತಾನಾಗಿಯೇ ಬೆಂಕಿ ಹತ್ತಬಹುದು. ಅವನ್ನು ಹೊರಗೆ ಬಿಡಿಬಿಡಿಯಾಗಿ ಹರಡಿ ಒಣಗಿಸಬೇಕು, ಇಲ್ಲವೇ ನೀರಿನಲ್ಲಿ ಮುಳುಗಿಸಿಡಬೇಕು. ಟರ್ಪೆಂಟೈನಿನ ಹತ್ತಿರ ದೀಪವೂ ಒಲೆಯೂ ಇರಕೂಡದು, ಕಿಟಕಿಗಳು ತೆರೆದಿರಬೇಕು. ಎರಡನೆಯದಾಗಿ, ಹಳೆಯ ಮನೆಗಳ ಹಳೆಯ ಬಣ್ಣದಲ್ಲಿ ಸೀಸವಿರುವ ಸಂಭವ ಹೆಚ್ಚು. ಭಾರತ ಸರ್ಕಾರ 2016ರಲ್ಲಿ ನಿಯಮ ಮಾಡಿ, ಗೃಹೋಪಯೋಗಿ ಬಣ್ಣಗಳಲ್ಲಿ ಹತ್ತು ಲಕ್ಷ ಭಾಗಕ್ಕೆ 90 ಭಾಗಕ್ಕಿಂತ ಹೆಚ್ಚು ಸೀಸವಿರಬಾರದೆಂದು ವಿಧಿಸಿತು. ಅದು 2017ರಿಂದ ಜಾರಿಗೆ ಬಂದಿತು. ಅದಕ್ಕೆ ಹಿಂದಿನ ಹನಿಗಳನ್ನು ಉಪ್ಪು ಕಾಗದದಿಂದ ಒಣಗೊಣಗಾಗಿ ಉಜ್ಜಿ ಧೂಳೆಬ್ಬಿಸಿದರೆ ಆ ಧೂಳು ಮಕ್ಕಳ ಹೊಟ್ಟೆ ಸೇರುತ್ತದೆ. ಮೇಜಿನ ಹೊಳಪಿಗಿಂತ ಮಕ್ಕಳ ಆರೋಗ್ಯ ದೊಡ್ಡದೆಂಬುದನ್ನು ಯಾವ ಯಜಮಾನರಿಗೂ ಹೇಳಬೇಕಾಗಿಲ್ಲ.

ಇಷ್ಟೆಲ್ಲ ಜಾಗ್ರತೆ ವಹಿಸಿದರೂ ಒಮ್ಮೊಮ್ಮೆ ಹೊಳಪು ಹೋಗಿಯೇಬಿಡುತ್ತದೆ. ಆಗ ಎದೆಗೆಡಬೇಕಾಗಿಲ್ಲ. ಇಲ್ಲಿ ಅರಗಿನ ಸ್ವಭಾವದಲ್ಲಿರುವ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಈಚಿನ ಗಟ್ಟಿ ಲೇಪಗಳು ಶೂರರು. ಬಿಸಿ ಪಾತ್ರೆಗೆ ಅಷ್ಟಾಗಿ ಅಂಜುವುದಿಲ್ಲ, ನೀರಿಗೆ ಜಗ್ಗುವುದಿಲ್ಲ, ಸ್ಪಿರಿಟ್ಟಿಗೂ ಸೊಪ್ಪು ಹಾಕುವುದಿಲ್ಲ. ಆದರೆ ಒಮ್ಮೆ ಆಳವಾಗಿ ಗೀರು ಬಿದ್ದರೆ ಅವುಗಳಿಗೆ ಮದ್ದಿಲ್ಲ. ಹೊಸ ಪದರ ಹಳೆಯದರ ಮೇಲೆ ಕೂರುತ್ತದೆಯೇ ಹೊರತು ಅದರೊಡನೆ ಕೂಡುವುದಿಲ್ಲ. ತೇಪೆ ತೇಪೆಯಾಗಿಯೇ ಕಾಣುತ್ತದೆ. ಅರಗು ಹಾಗಲ್ಲ. ಒಂದು ಲೋಟ ನೀರಿಗೆ ಅದು ಮಬ್ಬಾಗುತ್ತದೆ, ಒಂದು ಹನಿ ಸ್ಪಿರಿಟ್ಟಿಗೆ ಕರಗುತ್ತದೆ. ಆ ಕರಗುವ ಗುಣವೇ ಅದರ ಔಷಧವೂ ಹೌದು. ಗಾಯವಾದ ಜಾಗಕ್ಕೆ ಬಲ್ಲವನು ಹೊಸ ಅರಗನ್ನು ತೀಡಿದಾಗ, ಅದರೊಳಗಿನ ಸ್ಪಿರಿಟ್ ಕೆಳಗಿನ ಹಳೆಯ ಪದರವನ್ನು ತುಸು ಮೆತ್ತಗೆ ಮಾಡುತ್ತದೆ. ಹಳೆಯದೂ ಹೊಸದೂ ಒಂದಾಗಿ ಬೆರೆತು, ಅಜ್ಜನ ಕಾಲದ ಹೊಳಪು ಎಲ್ಲಿ ಮುಗಿಯಿತು, ಮೊಮ್ಮಗನ ಕಾಲದ್ದು ಎಲ್ಲಿ ತೊಡಗಿತೆಂದು ಹೇಳುವಂತಿರುವುದಿಲ್ಲ. ಕರಗಬಲ್ಲದ್ದಾದ್ದರಿಂದಲೇ ಅದು ಕೂಡಬಲ್ಲದು.

ಹಾಗೆ ತೀಡಬಲ್ಲ ಕೈಗಳು ಈಗ ವಿರಳವಾಗುತ್ತಿವೆ. ಅಂತಹವರು ಸಿಕ್ಕಾಗ ಒಂದು ಮಾತನ್ನು ಮೊದಲೇ ಹೇಳಿಕೊಳ್ಳುವುದು ಒಳ್ಳೆಯದು; ಗಾಯವಾದಷ್ಟಕ್ಕೆ ಮಾತ್ರ ಉಪಚಾರ ಸಾಕು, ಮೇಜನ್ನೆಲ್ಲ ಹೆರೆದು ಹೊಸದು ಮಾಡುವುದು ಬೇಡ. ಹೊಸ ಮೇಜು ಅಂಗಡಿಯಲ್ಲಿ ಎಷ್ಟು ಬೇಕಾದರೂ ಸಿಗುತ್ತದೆ. ಅರುವತ್ತು ವರ್ಷ ಒರೆಸಿದ ಮೇಜು ಸಿಗುವುದಿಲ್ಲ. ಅದರ ಹೊಳಪಿನಲ್ಲಿ ಅರಗು ಎಷ್ಟಿದೆಯೋ ಒರೆಸಿದ ಕೈಗಳ ಶ್ರಮವೂ ಅಷ್ಟೇ ಇದೆ. ಆ ಕೈಗಳಲ್ಲಿ ಹೆಚ್ಚಿನವು ಮೇಜಿನ ಮುಂದೆ ಕುಳಿತು ಒಂದಕ್ಷರ ಬರೆದವಲ್ಲ.

ಮುಂದಿನ ಸಲ ಬಣ್ಣದವರು ಬಂದು ಹೋದ ಮೇಲೆ ಹೊದಿಕೆ ತೆಗೆದು ನೋಡುವಾಗ ವಾಚಕರು ಇಷ್ಟನ್ನು ನೆನೆದರೆ ಸಾಕು. ಹನಿ ಎಲ್ಲಿಗೂ ಓಡಿಹೋಗುವುದಿಲ್ಲ. ಒಂದು ರಾತ್ರಿ ಕಾಯುತ್ತದೆ. ಚಾಕುವನ್ನು ಅಡಿಗೆಮನೆಗೆ ಹಿಂದಿರುಗಿಸಿ, ಹತ್ತಿಯನ್ನೂ ಎಣ್ಣೆಯನ್ನೂ ತಂದಿಟ್ಟುಕೊಂಡು, ಮೊದಲು ಮೇಜಿನ ಅಡಿಯನ್ನು ನೋಡಲಿ. ಕೂಲಿಯ ಲೆಕ್ಕವನ್ನು ಆಮೇಲೆ ನೋಡಬಹುದು.